‘ಸುಮಾರು’ ಇಲ್ಲದ ಪ್ರಮಾಣಪತ್ರ

ನೆಂಟರೆಲ್ಲ ಹೊರಟು ಮನೆ ಖಾಲಿಯಾದ ಮೊದಲ ಬೆಳಿಗ್ಗೆ, ಸೋಮವಾರ 9.40ಕ್ಕೆ, ಆಕೆ ಠಾಣೆಯ ಮೆಟ್ಟಿಲು ಹತ್ತಿದಳು. ಗಂಡನ ಅಂತ್ಯಕ್ರಿಯೆ ಮುಗಿದು ಮೂರು ದಿನವಾಗಿತ್ತು. ಅದೇ ಸಾವಿನ ಕಡತ ಇನ್‌ಸ್ಪೆಕ್ಟರ್ ಮೇಜಿನ ಮೇಲಿತ್ತು: ತನ್ನ ಅಂಗಡಿಯ ಏಣಿಯಿಂದ ಬಿದ್ದು ಆಕಸ್ಮಿಕ ಮರಣ, ತಾರೀಕು ಹದಿನಾಲ್ಕು. ಸಂಜೆ ಐದಕ್ಕೆ ಸಹಿ ಬಿದ್ದರೆ ಅದು ಅಟ್ಟ ಸೇರುತ್ತಿತ್ತು.

ಆಕೆ ಕಡತದ ಮೇಲೆ ಒಂದು ಕಾಗದ ಇಟ್ಟಳು. “ಇದು ಅವರು ಬರೆದಿದ್ದಲ್ಲ.”

ಸತ್ತವನು ಹಳೆಯ ಸಂಗೀತಪಾಠದ ಪುಸ್ತಕಗಳ ಕಾಲ ಗುರುತಿಸಿ ಬೆಲೆ ಕಟ್ಟುವವನು. ಅಂಥ ಪುಸ್ತಕಗಳಲ್ಲಿ ವರ್ಷ ಅಚ್ಚಾಗಿರುವುದು ಅಪರೂಪ. ಕಾಗದ, ಅಚ್ಚಿನ ಗುರುತು, ಪ್ರಕಾಶಕರ ವಿಳಾಸ ನೋಡಿ ಊಹಿಸಬೇಕು. ಈ ಕಾಗದ ಒಂದು ವಿಲಾಯತಿ ಪಿಟೀಲು ಪಾಠದ ಪುಸ್ತಕದ ಪ್ರಮಾಣಪತ್ರದ ನಕಲು. ಪುಸ್ತಕ ಕೊಳ್ಳಲಿದ್ದ ಸಂಗೀತಶಾಲೆಯವರು ಖಾತ್ರಿಗೆಂದು ಮನೆಗೆ ಅಂಚೆಯಲ್ಲಿ ಕಳಿಸಿದ್ದರು. ‘ಅಚ್ಚಾದ ವರ್ಷ 1791.’ ಕೆಳಗೆ ಅಂಗಡಿಯ ಮೊಹರು, ಸಹಿ.

“ಸಹಿ ಅವರದ್ದೇ ಇದ್ದ ಹಾಗಿದೆಯಲ್ಲಮ್ಮ?”

“ಸಹಿ ಬಿಡಿ ಸಾರ್. ‘ಸುಮಾರು’ ಎಲ್ಲಿ?”

“ಏನು?”

“ಸುಮಾರು ಅಂತ ಹಾಕದೆ ಅವರು ಯಾವತ್ತೂ ವರ್ಷ ಬರೆದೋರಲ್ಲ. ಅಚ್ಚಾಗಿದ್ರೂ ಅಷ್ಟೇ, ಅಚ್ಚೂ ಸುಳ್ಳು ಹೇಳತ್ತೆ ಅಂತಿದ್ರು. ಮದುವೆಯಾಗಿ ಎಷ್ಟು ವರ್ಷ ಅಂತ ಯಾರಾದ್ರೂ ಕೇಳಿದ್ರೆ ‘ಸುಮಾರು ನಾಲ್ಕು’. ಅತ್ತೆ ಬೈತಿದ್ರು.”

ಮೀಸೆ ದಫೇದಾರನಿಗೆ ನಗು ಬಂತು. ಆಕೆಯ ಮುಖ ನೋಡಿ ನುಂಗಿಕೊಂಡ.

ಇನ್‌ಸ್ಪೆಕ್ಟರ್ ಕಾಗದದ ಮೂಲೆ ನೋಡಿದರು. ತಾರೀಕು ಹದಿನಾಲ್ಕು. ಮೊಹರು ಇದ್ದದ್ದು ಅಂಗಡಿಯ ಮೇಜಿನಲ್ಲಿ. ಅಂದು ಅಂಗಡಿಗೆ ಯಾರೂ ಬಂದಿಲ್ಲವೆಂದು ಕಡತ ಹೇಳುತ್ತಿತ್ತು. 10.15ಕ್ಕೆ ಎಫ್‌ಐಆರ್ ದಾಖಲಾಯಿತು. ಸದ್ಯಕ್ಕೆ ನಕಲಿ ದಾಖಲೆ ಎಂದಷ್ಟೇ.

11.30. ಸಂಗೀತಶಾಲೆಯ ಗ್ರಂಥಪಾಲಕಿ ಪೊಲೀಸರಿಗೂ ಕೈ ತೊಳೆಸಿಯೇ ಪುಸ್ತಕ ಮುಟ್ಟಲು ಬಿಟ್ಟರು.

“ಇದನ್ನ ತಂದುಕೊಟ್ಟಿದ್ದು ಯಾರು?”

“ಬೈಂಡರ್. ಪ್ರಮಾಣಪತ್ರಾನೂ ಅವರೇ ತಂದ್ರು, ಹದಿನೈದಕ್ಕೆ.”

ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಬೈಂಡರ್ ಸತ್ತವನ ಇಪ್ಪತ್ತು ವರ್ಷದ ಗೆಳೆಯ. ಹೆಣಕ್ಕೆ ಮೊದಲು ಹೆಗಲು ಕೊಟ್ಟವನು. ಆ ವಾರ ಅಂಗಡಿ ಕಡೆ ತಲೆಯೇ ಹಾಕಿಲ್ಲವೆಂದು ಹೇಳಿಕೆ ಕೊಟ್ಟವನು.

ಇನ್‌ಸ್ಪೆಕ್ಟರ್ ಹಾಳೆ ತಿರುವಿದರು. ಶೀರ್ಷಿಕೆಯ ಹಾಳೆಯಲ್ಲಿ ಹುಳು ಕೊರೆದ ತೂತು, ಸಾಸಿವೆ ಕಾಳಿನಷ್ಟು. ಮುಂದಿನ ಹಾಳೆ ನುಣ್ಣಗಿತ್ತು. ಅದರ ಮುಂದಿನದೂ.

“ಹುಳ ಹಾರಿ ಹೋಯ್ತಾ ಸಾರ್?” ಎಂದ ದಫೇದಾರ.

“ಹುಳ ಹಾರಲ್ಲ ಕಣಯ್ಯ. ಬೇರೆ ಪುಸ್ತಕದಿಂದ ಹಾಳೆ ಹಾರಿ ಬಂದಿದೆ.”

2.20. ಬೈಂಡರನ ಕೋಣೆಯಲ್ಲಿ ಅಂಟಿನ ಪಾತ್ರೆ ಒಲೆಯ ಮೇಲೆ ಕುದಿಯುತ್ತಿತ್ತು. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಮೂರನೆಯ ಕಪಾಟಿನಲ್ಲಿ ಒಂದು ಹಳೆಯ ದಪ್ಪ ಪುಸ್ತಕ ಸಿಕ್ಕಿತು. ಅದರ ಕೊನೆಯ ಖಾಲಿ ಹಾಳೆಯನ್ನು ಬುಡದಲ್ಲಿ ಕತ್ತರಿಸಲಾಗಿತ್ತು. ಹಿಂದಿನ ಹಾಳೆಯಲ್ಲಿ ತೂತು. ಶಾಲೆಯಿಂದ ತಂದಿದ್ದ ಪುಸ್ತಕದ ಶೀರ್ಷಿಕೆಯ ಹಾಳೆಯನ್ನು ಅದರ ಮೇಲಿಟ್ಟು ಇನ್‌ಸ್ಪೆಕ್ಟರ್ ಬೈಂಡರನದೇ ಸೂಜಿ ಇಳಿಸಿದರು. ಎಲ್ಲೂ ತಡೆಯದೆ ಇಳಿಯಿತು. ಕತ್ತರಿಸಿದ ಆ ಖಾಲಿ ಹಾಳೆಯ ಮೇಲೆಯೇ ಶೀರ್ಷಿಕೆ ಅಚ್ಚು ಹಾಕಲಾಗಿತ್ತು.

“ಪ್ರಮಾಣಪತ್ರಕ್ಕೆ ಮೊಹರು ಒತ್ತಿದ್ದು ಯಾರು?”

“ಅವನೇ.”

“ನಿಮ್ಮೆದುರಿಗೇನಾ?”

“ಹೂಂ, ನನ್ನೆದುರಿಗೇ.”

“ಪತ್ರದ ತಾರೀಕು ಹದಿನಾಲ್ಕು. ಆ ವಾರ ಆ ಕಡೆ ತಲೆನೇ ಹಾಕಿಲ್ಲ ಅಂದ್ರಲ್ಲ?”

ಅಂಟು ಉಕ್ಕಿ ಬೆಂಕಿಗೆ ಬಿತ್ತು. ಅದನ್ನು ಇಳಿಸಲು ಯಾರೂ ಏಳಲಿಲ್ಲ. ಸುಟ್ಟ ವಾಸನೆ ಕೋಣೆ ತುಂಬಿತು.

“ನಾನು ಹೊಲಿದು ಉಳಿಸಿದ ಒಂದೊಂದು ಪುಸ್ತಕಕ್ಕೂ ಅವನು ಬರೀತಿದ್ದಿದ್ದು ಒಂದೇ,” ಎಂದ ಬೈಂಡರ್ ಕೊನೆಗೆ. “ರಟ್ಟು ಹೊಸದು, ಬೆಲೆ ಅರ್ಧ. ಇಪ್ಪತ್ತು ವರ್ಷ ಸಾರ್. ನನ್ನ ಕೈ ತಾಗಿದ್ರೆ ಅರ್ಧ. ನನ್ನದೊಂದು ಹಾಳೆಯಾದ್ರೂ ಅವನ ಕಣ್ಣಿಗೆ ಹಳೇದು ಅನ್ನಿಸಲಿ ಅಂತ ಮಾಡಿದೆ. ಏಣಿ ಮೇಲೆ ನಿಂತೇ ನೋಡಿದ. ಹತ್ತು ಎಣಿಸೋದ್ರೊಳಗೆ ನಕ್ಕುಬಿಟ್ಟ.”

“ಆಮೇಲೆ?”

“ಏಣಿ ಕಾಲಿಗೆ ಒದ್ದುಬಿಟ್ಟೆ. ಪತ್ರ ನಾನೇ ಬರೆದು ಮೊಹರು ಒತ್ತಿದೆ.”

“‘ಸುಮಾರು’ ಯಾಕೆ ಹಾಕ್ಲಿಲ್ಲ? ಅವರ ಪದ್ಧತಿ ನಿಮಗೆ ಗೊತ್ತಿತ್ತು.”

ಬೈಂಡರ್ ತನ್ನ ಬೆರಳಿನ ಮೇಲೆ ಒಣಗಿದ್ದ ಅಂಟಿನ ಸಿಪ್ಪೆ ಕಿತ್ತ. “ನನ್ನ ಹಾಳೆ ಮೇಲೆ ಅನುಮಾನದ ಮಾತು ಬೇಡ ಅನ್ನಿಸ್ತು.”

4.50ಕ್ಕೆ ದಸ್ತಗಿರಿ ದಾಖಲಾಯಿತು. ಕಡತದ ಮೇಲಿನ ‘ಆಕಸ್ಮಿಕ’ಕ್ಕೆ ಇನ್‌ಸ್ಪೆಕ್ಟರ್ ಅಡ್ಡಗೆರೆ ಎಳೆದು ‘ಕೊಲೆ’ ಎಂದು ಬರೆದರು.

ಆಕೆ ಠಾಣೆಯ ಬೆಂಚಿನ ಮೇಲೆಯೇ ಇದ್ದಳು. ಬೈಂಡರನನ್ನು ಕರೆತಂದಾಗ ಎದ್ದು ಚೀಲದಿಂದ ಒಂದು ಭೂತಗನ್ನಡಿ ತೆಗೆದಳು.

“ಅಣ್ಣಾ, ಅವರ ಕನ್ನಡಿ ಒಡೆದಾಗ ನಿಮ್ಮದನ್ನ ಕಡ ತಂದಿದ್ರು. ಕೊಡೋಕೆ ಮರೀಬೇಡ ಅಂತ ನಂಗೆ ಹೇಳಿದ್ರು.”

ಅವನು ಕೈ ಚಾಚಲಿಲ್ಲ. ಆಕೆ ಅದನ್ನು ಮೇಜಿನ ಮೇಲಿಟ್ಟಳು.

ಆರೋಪಿಯ ವಸ್ತುಗಳ ಪಟ್ಟಿಗೆ ಸೇರಿಸಬೇಕಲ್ಲ, ದಫೇದಾರ ಪೆನ್ನು ಎತ್ತಿಕೊಂಡ. “ಕಡ ತಂದಿದ್ದು ಯಾವತ್ತು ತಾಯಿ?”

“ಸುಮಾರು…” ಎಂದವಳು ಅಲ್ಲಿಗೇ ನಿಂತಳು.

ದಫೇದಾರ ಅಷ್ಟನ್ನೇ ಬರೆದುಕೊಂಡ.