ಎಡಗಡೆಯ ಬಟನ್

"ರಿಪೇರಿ ಬೇಡ. ಇದು ಸರಿಯಾಗಿದೆಯಾ ಇಲ್ವಾ, ಅಷ್ಟು ಹೇಳಿ ಸಾಕು."

ಅವಳ ಮನೆಯ ಊಟದ ಮೇಜಿನ ಮೇಲೆ ಹಳೆಯ ವಿಡಿಯೋ ಗೇಮ್ ಕಂಟ್ರೋಲರ್ ಇಟ್ಟು ಹೇಳಿದ ಅವನು. ಇವನು ಮತ್ತೆ ಬರಲಿ ಎಂದು ವಾರವಿಡೀ ಬಾಗಿಲು ನೋಡಿದವಳು ಅವಳೇ. ಈಗ ಬಂದಿದ್ದಾನೆ, ಆದರೆ ಮುಖದಲ್ಲಿ ನಗುವಿಲ್ಲ.

ಇಂಥವನ್ನು ಬಿಚ್ಚಿ, ಟೂತ್‌ಬ್ರಷ್ಷಿನಿಂದ ಕೊಳೆ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ ಸರಿಮಾಡುವುದು ಮನೆಯಲ್ಲೇ ಕೂತು ಅವಳು ಮಾಡುವ ಕಸುಬು. ಅವಳ ಕೈ ಮುಟ್ಟಿದ್ದು ಮತ್ತೆ ಕೆಡುವುದಿಲ್ಲ ಎಂಬ ಹೆಸರೂ ಇತ್ತು.

ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಇವನು ಹೋದ ವಾರ ಇದನ್ನೇ ರಿಪೇರಿಗೆ ತಂದು, ಬೆರಳಿನ ಗೋಂದು ಕೆರೆಯುತ್ತ ಅರ್ಧ ಗಂಟೆ ಹರಟಿದ್ದ. ಅಷ್ಟಕ್ಕೇ ಅವಳ ಬುದ್ಧಿ ಮಣ್ಣು ತಿನ್ನಲು ಹೋಯಿತು! ಎಲ್ಲವನ್ನೂ ಒರೆಸಿದವಳು ಎಡಗಡೆಯ ಬಟನ್ನಿನ ಕೆಳಗಿನ ರಬ್ಬರನ್ನು ಮಾತ್ರ ಬೇಕೆಂದೇ ಒರೆಸದೆ ಬಿಟ್ಟಳು. ನಾಲ್ಕು ದಿನಕ್ಕೆ ಕೈಕೊಡುತ್ತದೆ, ಮತ್ತೆ ಬರುತ್ತಾನೆ... ಇಷ್ಟೇ ಅವಳ ಉಪಾಯ.

"ಆಡೋದು ನಾನಲ್ಲ, ಅಮ್ಮ," ಅಂದ ಅವನು.

ಲಕ್ವ ಹೊಡೆದು ತಾಯಿಯ ಎಡಗೈ ಬಿದ್ದುಹೋಗಿತ್ತಂತೆ. ಬೆರಳಾಡಲಿ ಎಂದು ದಿನಾ ಇದನ್ನು ಆಡಿ, ಎಂಟು ತಿಂಗಳಿಗೆ ಹೆಬ್ಬೆರಳು ಬಗ್ಗಿತ್ತು. ಈಗ ಅವರು ಎಡಗಡೆ ಒತ್ತಿದರೆ ಪರದೆಯ ಮೇಲಿನ ಗೊಂಬೆ ನಡೆಯುವುದಿಲ್ಲ. ಇವನು ಬಲವಾಗಿ ಒತ್ತಿದರೆ ನಡೆಯುತ್ತದೆ.

"ಆ ಹುಡುಗಿ ಮಾಡಿದ್ದು ಕೆಡಲ್ಲ, ನನ್ನ ಕೈಯೇ ಮತ್ತೆ ಹೋಯ್ತು ಅಂತ ಅಳ್ತಿದ್ದಾರೆ. ಎರಡು ದಿನದಿಂದ ಸರಿಯಾಗಿ ಊಟ ಇಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. 'ಸುಮ್ಮನೆ ಒರೆಸಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ...' ಎಂದಿತು ಮನಸ್ಸು. ಆದರೆ ಎರಡು ದಿನ ಅತ್ತ ಆ ತಾಯಿಗೆ ಯಾರು ಉತ್ತರ ಹೇಳಬೇಕು?

"ಅಮ್ಮನ ಕೈ ಸರಿಯಾಗಿದೆ. ಕೆಟ್ಟಿರೋದು ನನ್ನ ಬುದ್ಧಿ," ಅಂದಳು. ನೀವು ಮತ್ತೆ ಬರಲಿ ಎಂದು ನಾನೇ ಹೀಗೆ ಮಾಡಿದೆ ಎಂದು ತಲೆಯೆತ್ತದೆ ಹೇಳಿದಳು. ಸ್ಕ್ರೂ ಬಿಚ್ಚಿ ಆ ರಬ್ಬರನ್ನು ಹೊರತೆಗೆದಳು. ಒರೆಸಿದ ಹತ್ತಿ ಕಪ್ಪಾಗಿ ಬಂತು.

ಅವನು ಆ ಹತ್ತಿಯನ್ನು ಎತ್ತಿಕೊಂಡು ನೋಡಿದ.

"ಅಮ್ಮನಿಗೆ ನೀವೇ ಬಂದು ಹೇಳಿ," ಎಂದ.

ಎರಡು ಬೀದಿ ದಾಟಿ ಅವನ ಮನೆಗೆ ಹೋದರು. ಅವನ ತಾಯಿಯ ಮುಂದೆ ಅವಳು ಎಲ್ಲ ಒಪ್ಪಿಕೊಂಡಳು. ಅವರು ಕಂಟ್ರೋಲರ್ ತೆಗೆದುಕೊಂಡು ಎಡಗಡೆಯ ಬಟನ್ ಒತ್ತಿದರು. ಗೊಂಬೆ ನಡೆಯಿತು. ಇನ್ನೊಮ್ಮೆ ಒತ್ತಿದರು, ಮತ್ತೆ ನಡೆಯಿತು. ಅವರ ಕಣ್ಣು ತುಂಬಿತು.

ಆಮೇಲೆ ಅವಳನ್ನು ಹತ್ತಿರ ಕರೆದು, ಎಡಗೈಯಿಂದಲೇ ಕಿವಿ ಹಿಂಡಿದರು.

"ನೋವಾಯ್ತಾ?"

"ಆಯ್ತಮ್ಮಾ..."

"ಸದ್ಯ, ಕೈಗೆ ಏನೂ ಆಗಿಲ್ಲ. ಊಟ ಹಾಕೋ ಮಗನೇ, ಹಸಿವಾಗ್ತಿದೆ. ಇವಳಿಗೂ ಹಾಕು."

ಅವಳು ಊಟಕ್ಕೆ ನಿಲ್ಲಲಿಲ್ಲ. ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಚಪ್ಪಲಿ ಮೆಟ್ಟುವಾಗ ಅವನು ಬಾಗಿಲಿಗೆ ಬಂದ.

"ಕೋಪ ಇನ್ನೂ ಇದೆ ನಂಗೆ."

"ಇರ್ಲಿ. ಇರಬೇಕಾದ್ದೇ."

"ಬನ್ನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲ. ಬರ್ತಿದ್ದೆ."

ತಪ್ಪು ಒಪ್ಪಿಕೊಂಡ ಮೇಲೆ ಅವಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

"ನಾಳೆ... ಬನ್ನಿ."

"ಏನು ತರ್ಲಿ?"

"ಏನೂ ಬೇಡ. ಬರಿಗೈಲಿ ಬನ್ನಿ."