ಹಳೇ ಪ್ಯಾನೆಲ್ಲಿನ ಇನ್ನೊಂದು ಕೀ

"ಅಯ್ಯೋ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡೋಕಾಗಲ್ವಾ ನಿಮಗೆ?"

ಬ್ರೆಡ್ ಕಾರ್ಖಾನೆಯ ಓವನ್ ಸೂಪರ್‌ವೈಸರ್ ರೇಗಿದ್ದು ಎಂಜಿನಿಯರ್ ಮೇಲೆ. ಅವನೋ, ಹೊಸ ಕಂಟ್ರೋಲ್ ಪ್ಯಾನೆಲ್ಲಿನ ವೈರುಗಳ ನಡುವೆ ತಲೆ ತೂರಿಸಿಕೊಂಡು ನಗುತ್ತಲೇ ಇದ್ದ.

"ಒಳ್ಳೇ ಸುದ್ದಿ ಹೇಳ್ತಿದೀನಿ ಮೇಡಂ. ಇದು ಕೂತ ಮೇಲೆ ನಾನಿಲ್ಲಿಗೆ ಬರೋದೇ ಬೇಕಿಲ್ಲ. ಏನೇ ತೊಂದರೆಯಾದ್ರೂ ವರ್ಕ್‌ಶಾಪಿಂದಲೇ ಸರಿ ಮಾಡಬಹುದು."

"ಬಹಳ ಸಂತೋಷ," ಎಂದಳು. ಸಂತೋಷಪಡುವವರ ಮುಖ ಹಾಗಿರುವುದಿಲ್ಲ.

ಗೋಡೆಗೆ ಅಂಟಿಕೊಂಡಿದ್ದ ಹಳೇ ಪ್ಯಾನೆಲ್ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲದಿದ್ದರೆ ಕೆಂಪು ದೀಪ ಹಚ್ಚಿಕೊಂಡು ಮುನಿಸಿಕೊಳ್ಳುತ್ತಿತ್ತು. ಪುಟ್ಟದೊಂದು ಕೀ ತಿರುಗಿಸಿದರೆ ಮುನಿಸು ಇಳಿಯುತ್ತಿತ್ತು. ಆ ಕೀ ಇರುವುದು ಎಂಜಿನಿಯರ್ ಜೇಬಿನಲ್ಲಿ ಮಾತ್ರ ಅಂತ ಇಡೀ ಕಾರ್ಖಾನೆ ನಂಬಿತ್ತು. ದೀಪ ಹತ್ತಿದರೆ ಅವಳು ಫೋನ್ ಮಾಡಬೇಕು, ಪಕ್ಕದ ರಸ್ತೆಯ ವರ್ಕ್‌ಶಾಪಿಂದ ಅವನು ಓಡಿ ಬರಬೇಕು. ಬಂದವನು ಕೀ ತಿರುಗಿಸಿ, ಅವಳ ಟೀಯಲ್ಲಿ ಅರ್ಧ ಕುಡಿದು, ಓವನ್ ಬಿಸಿಗೆ ಅವಳ ಹಣೆಗಂಟಿದ ಕೂದಲನ್ನು ನೋಡಿಯೂ ನೋಡದವನ ಹಾಗೆ ಹೊರಡುತ್ತಿದ್ದ. ಹೀಗೇ ವರ್ಷಗಳು ಸರಿದಿದ್ದವು.

ಆದರೆ ಅದಕ್ಕೆ ಇನ್ನೊಂದು ಕೀ ಇತ್ತು. ಹಿಂದಿನ ಸೂಪರ್‌ವೈಸರ್ ಕೆಲಸ ಬಿಡುವಾಗ ಇವಳ ಅಂಗೈಗೆ ಹಾಕಿ ಹೋಗಿದ್ದರು. ಮನೆ ಕೀ, ಬೀರು ಕೀಗಳ ಮಧ್ಯೆ ಅದು ಗೊಂಚಲಲ್ಲಿ ತಣ್ಣಗೆ ಕೂತಿತ್ತು. ಒಂದು ಸಲವೂ ಅವಳು ಅದನ್ನು ಪ್ಯಾನೆಲ್ಲಿಗೆ ಹಾಕಿರಲಿಲ್ಲ.

ಪ್ಯಾಕಿಂಗ್ ವಿಭಾಗದಲ್ಲಿದ್ದ ಅವಳ ಚಿಕ್ಕಮ್ಮ ಮಾತ್ರ ಕಿಚಾಯಿಸುತ್ತಿದ್ದಳು: "ಮೆಷಿನ್ ಕೆಟ್ಟ ದಿನವೇ ನಿನ್ನ ಮುಖ ಅರಳುತ್ತಲ್ಲೇ, ಇದ್ಯಾವ ಕಾಯಿಲೆ?"

ಸರಿ, ಹಳೆಯದರಿಂದ ಹೊಸದಕ್ಕೆ ಕೆಲಸ ದಾಟಿಸುವ ಹೊತ್ತು ಬಂತು. ಎಲ್ಲರೂ ಸುತ್ತ ನಿಂತರು. ಆಗಲೇ ಹಳೇ ಪ್ಯಾನೆಲ್ ಕೆಂಪಗಾಗಬೇಕೆ! ಅದು ಹಸಿರಾಗದೆ ಹೊಸದು ಶುರುವಾಗುವಂತಿಲ್ಲ. ಬೆಲ್ಟ್ ನಿಂತಿತು. ಅಚ್ಚುಗಳಲ್ಲಿ ಹಿಟ್ಟು ಉಬ್ಬಿ ಉಬ್ಬಿ ಅಂಚು ದಾಟತೊಡಗಿತು.

ಎಂಜಿನಿಯರ್ ಜೇಬು ತಡವಿಕೊಂಡ. "ಕೀ ಮನೇಲೇ ಉಳೀತು ಅನ್ಸುತ್ತೆ."

"ಅನ್ಸುತ್ತೆ? ಮರೆಯೋಕೆ ಇವತ್ತೇ ಸಿಕ್ತಾ ನಿಮಗೆ?"

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತುಕೊಂಡರು. ಅವಳು ಸೊಂಟದ ಗೊಂಚಲನ್ನು ಮುಟ್ಟಿ ನೋಡಿಕೊಂಡಳು. ತೆಗೆದರೆ ಇಷ್ಟು ವರ್ಷದ ಫೋನುಗಳ ಗುಟ್ಟು ಎಲ್ಲರೆದುರು ಬಯಲಾಗುತ್ತದೆ. ತೆಗೆಯದಿದ್ದರೆ ಬೆಳಗಿನಿಂದ ನಾದಿದ್ದೆಲ್ಲ ಕಸದ ಪಾಲು.

"ಥೂ, ಏನಾದ್ರೂ ಆಗಲಿ," ಎಂದು ಗೊಣಗಿ, ಗೊಂಚಲು ಎಳೆದು, ಕೀ ತಿರುಗಿಸಿಯೇಬಿಟ್ಟಳು.

ಹಸಿರು. ಹೊಸ ಪ್ಯಾನೆಲ್ ಕಣ್ಣು ಬಿಟ್ಟಿತು. ಹಿಟ್ಟು ಓವನ್ ಕಡೆ ಸಾಗಿತು.

"ಓಹೋ!" ಎಂದಳು ಚಿಕ್ಕಮ್ಮ, ಕಾರ್ಖಾನೆಗೆಲ್ಲ ಕೇಳುವ ಹಾಗೆ.

ಜನ ನಗುತ್ತಾ ಚದುರಿದರು. ಅವಳ ಕಿವಿ ಸುಡುತ್ತಿತ್ತು. ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಎಂಜಿನಿಯರ್ ಬಗ್ಗಿದ. ಅವನ ಅಂಗಿಯ ಜೇಬಿನಿಂದ ಟಣ್ಣನೆ ಏನೋ ಬಿತ್ತು. ನೋಡಿದರೆ, ಅದೇ ಕೀ!

"ಮನೇಲಿದೆ ಅಂದ್ರಿ!"

ಅವನು ತಲೆ ಕೆರೆದುಕೊಂಡ. "ಇದರ ಜೋಡಿ ನಿಮ್ಮ ಗೊಂಚಲಲ್ಲಿರೋದನ್ನ ಯಾವಾಗಲೋ ನೋಡಿದ್ದೆ. ಆದ್ರೂ ಕರೆದಾಗಲೆಲ್ಲ ಓಡಿ ಬಂದೆ. ಇವತ್ತು ಕೊನೆ ದಿನ. ಯಾಕೆ ಕರೀತಿದ್ರಿ ಅಂತ ಒಂದು ಸಲ ತಿಳೀಬೇಕಿತ್ತು."

"ಹಿಟ್ಟೆಲ್ಲ ಹಾಳಾಗಿದ್ರೆ?"

"ನೀವು ಬಿಡ್ತಿರಲಿಲ್ಲ."

"ಮತ್ತೆ, ಬರೋದೇ ಬೇಕಿಲ್ಲ ಅಂತ ಬೆಳಗಿಂದ ಡಂಗುರ ಹೊಡೀತಿದ್ರಲ್ಲ?"

"'ಹಾಗಂದ್ರೆ ಹೇಗೆ, ಬನ್ನಿ' ಅಂತೀರೇನೋ ಅಂತ ಕಾದೆ. ನೀವು 'ಬಹಳ ಸಂತೋಷ' ಅಂದ್ರಿ."

ಅವಳಿಗೆ ಅವನ ತಲೆಗೊಂದು ಮೊಟಕಬೇಕೆನಿಸಿತು. ಕೈ ಎತ್ತಿದ್ದೂ ಹೌದು. ಆದರೆ ಆ ಕೈ ಅವನ ಕೆನ್ನೆಗೆ ಹತ್ತಿದ್ದ ಹಿಟ್ಟು ಒರೆಸಿ ಅಲ್ಲೇ ಒಂದು ಕ್ಷಣ ನಿಂತಿತು. ಅವನು ಉಸಿರಾಡುವುದನ್ನೂ ಮರೆತ.

"ನಾಳೆ ರಜ," ಎಂದಳು ಸಿಡುಕುತ್ತಲೇ. "ಮನೇಲಿ ಯಾವುದೂ ಕೆಟ್ಟಿಲ್ಲ. ಆದ್ರೂ ಬನ್ನಿ."

"ಟೂಲ್ ಬ್ಯಾಗ್ ತರಲಾ?"

"ತಂದ್ರೆ ಬಾಗಿಲೇ ತೆಗೆಯಲ್ಲ."