ಹುಡುಕುಮರ

ಕೃತಕ ಮರದ ತೊಗಟೆಯಲ್ಲಿ ಬಿರುಕೊಂದು ಸದ್ದಿಲ್ಲದೆ ತೆರೆದುಕೊಂಡಿತು. ಒಳಗೊಂದು ಅತ್ತಿಹಣ್ಣು. ದೊಡ್ಡ ಬಾಗುಕೊಕ್ಕಿನ ಮಂಗಟ್ಟೆ ಹಕ್ಕಿ ಕತ್ತು ಓರೆ ಮಾಡಿ ನೋಡಿ, ಕೊಕ್ಕಿನ ತುದಿಯಿಂದ ಅದನ್ನು ಎತ್ತಿಕೊಂಡಿತು. ಬಿರುಕು ಮುಚ್ಚಿತು, ಬೇರೆಲ್ಲೋ ಇನ್ನೊಂದು ಹುಟ್ಟಿತು.

ಧಾರವಾಡದಾಚೆಯ ಪಕ್ಷಿ ಆರೈಕೆ ಕೇಂದ್ರದಲ್ಲಿ ಈ ಹುಡುಕುಮರವನ್ನು ರೂಪಿಸಿದವಳು ವಿಜ್ಞಾನಿ ವೈಜಯಂತಿ ಕುಲಕರ್ಣಿ. ಪಂಜರದ ಹಕ್ಕಿಗೆ ತಟ್ಟೆಯಲ್ಲಿ ಹಣ್ಣಿಟ್ಟರೆ ಹೊಟ್ಟೆ ತುಂಬುತ್ತದೆ, ಬೇಸರ ಕಳೆಯುವುದಿಲ್ಲ. ಅದು ತನ್ನ ಗರಿಯನ್ನೇ ಕಿತ್ತುಕೊಳ್ಳತೊಡಗುತ್ತದೆ. ಹಕ್ಕಿ ಕಾಡಿನಲ್ಲಿದ್ದಂತೆ ಹುಡುಕುತ್ತಲೇ ಇರಬೇಕು. ಅದಕ್ಕೆ ಏನು ಮಾಡಬೇಕೆಂಬುದನ್ನು ಮರದೊಳಗಿನ ಯಂತ್ರ ಹಕ್ಕಿಯನ್ನು ಗಮನಿಸುತ್ತ ತಾನೇ ಕಲಿಯುತ್ತಿತ್ತು. ಜೊತೆಗಾತಿ ಸತ್ತು, ರೆಕ್ಕೆ ಮುರಿದು ಬಂದಿದ್ದ ಈ ಗಂಡು ಮಂಗಟ್ಟೆ ಮತ್ತೆ ಚುರುಕಾದದ್ದು ಕಂಡು ವೈಜಯಂತಿ ಹಿಗ್ಗಿದ್ದಳು.

"ಮೇಡಂ, ದಿನಾಪೂರ್ತಿ ಹುಡುಕತೈತ್ರಿ," ಎಂದ ಹಕ್ಕಿಗಳನ್ನು ನೋಡಿಕೊಳ್ಳುವ ಮಡಿವಾಳೆಪ್ಪ. "ಆದ್ರ ಎದಿ ಎಲುಬು ಕೈಗೆ ಹತ್ತಾಕತ್ತಾವ."

ಇಬ್ಬರೂ ಪಂಜರದ ಬಳಿ ನಿಂತು ನೋಡಿದರು. ಹಕ್ಕಿ ಒಂದು ಹಣ್ಣನ್ನೂ ನುಂಗಲಿಲ್ಲ. ಪ್ರತಿಯೊಂದನ್ನೂ ಕಾಂಡದ ಕಿರಿದಾದ ಸೀಳಿಗೆ ಒಯ್ದು ಒಡ್ಡುತ್ತಿತ್ತು. ಒಳಗಿನಿಂದ ಏನೋ ಮೆಲ್ಲನೆ ಅದನ್ನು ಸೆಳೆದುಕೊಳ್ಳುತ್ತಿತ್ತು. ಆಮೇಲೆ ಟಕ್, ಟಕ್ ಎಂಬ ಸದ್ದು. ಹಕ್ಕಿ ಮತ್ತೆ ಹುಡುಕಲು ಹೊರಡುತ್ತಿತ್ತು.

"ಒಳಗ ಯಾರದಾರ್ರಿ?"

"ಯಾರೂ ಇಲ್ಲ. ಹಣ್ಣು ಇಡೋ ಯಂತ್ರದ ಕೈ ಅದು." ವೈಜಯಂತಿ ಸೀಳಿನತ್ತ ಬಾಗಿದಳು. "ಹೆಣ್ಣು ಮಂಗಟ್ಟೆ ಮೊಟ್ಟಿ ಇಡೋವಾಗ ಪೊಟರಿಯೊಳಗ ಕೂತು, ಗಂಡು ತಂದ ಮಣ್ಣಿನಿಂದ ಬಾಗಲಾ ಮುಚ್ಚಿಕೋತದ. ಗಂಡು ಸೀಳಿನಾಗಿಂದ ಉಣಸತದ. ಹೆಣ್ಣು ಹಸದದ ಅಂದ್ರ ಅದು ಹುಡುಕೋದು ನಿಲ್ಲಸೂದಿಲ್ಲ. ಮರ ಅದನ್ನ ಕಲತದ, ಹಸದ ಹೆಣ್ಣಿನಂಗ ಟಕ್ ಟಕ್ ಅಂತದ."

ಅವಳು ಯಂತ್ರ ನಿಲ್ಲಿಸಿದಳು. ಮಡಿವಾಳೆಪ್ಪ ಕೊಂಬೆಗಳ ಸಂದಿಯಲ್ಲಿ ಹಣ್ಣು ಸಿಕ್ಕಿಸಿದ. ಹಕ್ಕಿ ಒಂದನ್ನು ಕಚ್ಚಿಕೊಂಡು ಸೀಳಿನ ಮುಂದೆ ಕೂತಿತು. ಮರುದಿನವೂ ಅಲ್ಲೇ ಇತ್ತು. ಮಡಿವಾಳೆಪ್ಪ ಬಾಯಿಗೆ ತುರುಕಿದ್ದನ್ನೆಲ್ಲ ಉಗುಳಿತು.

ಕೊನೆಗೆ ವೈಜಯಂತಿ ಕಾಂಡದ ಹಿಂಬಾಗಿಲು ತೆಗೆದು ಒಳಗೆ ನುಸುಳಿದಳು. ಕೊಳೆತ ಅತ್ತಿಹಣ್ಣಿನ ಗಬ್ಬು. ಕತ್ತಲು. ಬೆರಳ ಗೆಣ್ಣಿನಿಂದ ಟಕ್, ಟಕ್ ಎನಿಸಿದಳು. ಸೀಳಿನಲ್ಲಿ ಕೊಕ್ಕು ತೂರಿತು. ಹಣ್ಣು ತೆಗೆದುಕೊಂಡು, ತುಸು ಹೊತ್ತು ಹಿಡಿದಿದ್ದು, ಮರಳಿ ಅದರ ಬಾಯಿಗಿಟ್ಟಳು. ಕೆಂಪು ಕಣ್ಣೊಂದು ಅವಳನ್ನೇ ದಿಟ್ಟಿಸಿತು. ಆಮೇಲೆ ಹಕ್ಕಿ ನುಂಗಿತು.

"ತಿಂತ್ರಿ ಮೇಡಂ," ಹೊರಗಿನಿಂದ ಮಡಿವಾಳೆಪ್ಪನ ದನಿ. "ಇನ್ನ ಬರ್ರಿ ಹೊರಗ."

ಅವಳು ಏಳುವಷ್ಟರಲ್ಲಿ ಸೀಳಿನ ಬೆಳಕು ಕಿರಿದಾಯಿತು. ಹಕ್ಕಿ ಹಸಿ ಮಣ್ಣು ತಂದು ಅಂಚಿಗೆ ಮೆತ್ತುತ್ತಿತ್ತು, ಬಹಳ ನಿಗಾದಿಂದ.

ವೈಜಯಂತಿ ಮತ್ತೆ ಕೂತಳು. "ನೀವು ನಡೀರಿ ಮಡಿವಾಳೆಪ್ಪ," ಎಂದಳು. "ನಾ ಈಗ ಎದ್ದು ಹೋದ್ರ, ಅದಕ್ಕ ಜೊತಿಗಾತಿ ಎರಡನೇ ಸಲ ಸತ್ತಂಗ."